ಮುತ್ತಜ್ಜನ ಊರು ಸ್ಕಾಟ್ಲೆಂಡಿನಲ್ಲಿ ಎಲ್ಲಿ?

ಪ್ರಶ್ನೆ: ನಮ್ಮಜ್ಜಿಯ ತಂದೆ ಸ್ಕಾಟ್ಲೆಂಡಿನವರು. ಕೊಡಗಿನಲ್ಲಿ ಕಾಫಿ ತೋಟ ನೋಡಿಕೊಳ್ಳುತ್ತಿದ್ದರಂತೆ. 1921ರಲ್ಲಿ ಇಲ್ಲೇ ತೀರಿಕೊಂಡರು. ಅವರ ಮನೆತನ ಹುಡುಕುವುದು ಹೇಗೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಸಮಾಧಿಯಿಂದಲೇ ಶುರು ಮಾಡಿ. ನನ್ನ ತಾಯಿಯ ಅಜ್ಜನೂ ಹಾಗೆ ಬಂದವರೇ. ಪಾಚಿ ಹಿಡಿದ ಕಲ್ಲಿಗೆ ನೀರು ಚಿಮುಕಿಸಿ, ಸಂಜೆಯ ಓರೆ ಬಿಸಿಲಲ್ಲಿ ನೋಡಿದಾಗ ‘ಆಬರ್ಡೀನ್’ ಅನ್ನುವ ಸ್ಕಾಟ್ಲೆಂಡಿನ ಊರಿನ ಹೆಸರು ಎದ್ದು ಕಂಡಿತು. ಅಮ್ಮ ಅದನ್ನು ಸೆರಗಿನಿಂದ ಒರೆಸುತ್ತಾ ಕೂತುಬಿಟ್ಟರು.

ಕಲ್ಲು ಸಿಗದಿದ್ದರೆ ಚರ್ಚ್ ದಾಖಲೆ ನೋಡಿ. ಇಲ್ಲಿನ ದೀಕ್ಷಾಸ್ನಾನ, ಮದುವೆ, ಸಮಾಧಿ ವಿವರಗಳ ನಕಲು ಲಂಡನ್ನಿಗೆ ಹೋಗುತ್ತಿತ್ತು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬ್ರಿಟಿಷರ ಕಾಲದ ಭಾರತದಲ್ಲಿದ್ದ ಕುಟುಂಬಗಳ ಮೂಲ ಹುಡುಕಲು ನೆರವಾಗುವ ಫಿಬಿಸ್ ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ಹೆಸರು ಹುಡುಕಬಹುದು. ಮದುವೆ ದಾಖಲೆಯಲ್ಲಿ ಸಾಮಾನ್ಯವಾಗಿ ಗಂಡಿನ ತಂದೆಯ ಹೆಸರಿರುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಆದಂತೆ.

ಆಮೇಲೆ ಸ್ಕಾಟ್ಲೆಂಡಿನ ಜನನ, ಮದುವೆ, ಮರಣ ದಾಖಲೆಗಳಿರುವ ‘ಸ್ಕಾಟ್ಲೆಂಡ್ಸ್ ಪೀಪಲ್’ ಜಾಲತಾಣ. ಅಲ್ಲಿ 1855ರಿಂದ ಸರ್ಕಾರಿ ನೋಂದಣಿ ಇದೆ, ಅದಕ್ಕೂ ಹಿಂದಿನದು ಪ್ಯಾರಿಷ್ (ಊರಿನ ಚರ್ಚಿನ) ಪುಸ್ತಕಗಳಲ್ಲಿದೆ. ಜನನ ದಾಖಲೆಯಲ್ಲಿ ತಾಯಿಯ ತವರು ಮನೆತನದ ಹೆಸರೂ ಸಿಗುತ್ತದೆ. ಇನ್ನೊಂದು ಸುಳಿವು: ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಅಲ್ಲಿ ಜಾಸ್ತಿ ಇತ್ತು. ನಮ್ಮಲ್ಲೂ ಹಾಗೇ ಅಲ್ವಾ? ನಿಮ್ಮಜ್ಜಿಯ ದೊಡ್ಡಣ್ಣನ ಹೆಸರೇನಿತ್ತು, ಮನೆಯ ಹಿರಿಯರನ್ನು ಇವತ್ತೇ ಕೇಳಿ.