ಅಷ್ಟು ಅಗಲದ ದಡ ಎಲ್ಲಿತ್ತು?

ಓದುಗರ ಪತ್ರ: ಸಮುದ್ರದ ದಡದ ಮರಳೇ ಗಟ್ಟಿಯಾಗಿ ಮರಳುಗಲ್ಲು ಆಗುತ್ತದೆ ಎಂದು ಬರೆದಿದ್ದಿರಿ. ಆದರೆ ಕೆಲವು ಕಡೆ ಈ ಕಲ್ಲಿನ ಹಾಸು ನೂರಾರು ಕಿಲೋಮೀಟರ್ ಹರಡಿದೆಯಂತೆ. ಅಷ್ಟು ಅಗಲದ ದಡ ಇರೋದಕ್ಕೆ ಸಾಧ್ಯವಾ? ಸಮುದ್ರ ಏರಿದಾಗ ಮರಳು ಕೊಚ್ಚಿ ಹೋಗಬೇಕಿತ್ತು ಅಲ್ವಾ?

ಸಂಪಾದಕರ ಉತ್ತರ: ಅಷ್ಟು ಅಗಲದ ದಡ ಯಾವತ್ತೂ ಇರಲಿಲ್ಲ. ದಡ ಕಿರಿದೇ ಇತ್ತು, ಆದರೆ ನಿಂತಲ್ಲಿ ನಿಲ್ಲಲಿಲ್ಲ. ಸಮುದ್ರ ಏರಿದಾಗ ಒಳನಾಡಿನ ಕಡೆ, ಇಳಿದಾಗ ನೀರಿನ ಕಡೆ ಸರಿಯಿತು. ಸರಿದಲ್ಲೆಲ್ಲ ಮರಳು ಬಿಟ್ಟಿತು. ಹಾಗಾಗಿ ಒಂದೇ ಹಾಸಿನ ಈ ತುದಿಗೂ ಆ ತುದಿಗೂ ವಯಸ್ಸು ಬೇರೆ. ಇದು ಗೊತ್ತಾದ ಮೇಲೆ ಮರಳುಗಲ್ಲನ್ನು ನೋಡುವ ರೀತಿಯೇ ಬದಲಾಗುತ್ತದೆ.

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ನಿನ ಟೇಪಿಟ್ಸ್ ಮರಳುಗಲ್ಲಿಗೆ ಸುಮಾರು 50 ಕೋಟಿ ವರ್ಷ. ಆಗ ಸಮುದ್ರ ಪಶ್ಚಿಮದಿಂದ ಪೂರ್ವಕ್ಕೆ ನೆಲದ ಮೇಲೆ ಏರಿ ಬಂತು. ಪೂರ್ವಕ್ಕೆ ಹೋದಷ್ಟೂ ಈ ಕಲ್ಲಿನ ವಯಸ್ಸು ಕಡಿಮೆ. ಅದರ ಮೇಲೆ ಜೇಡಿಗಲ್ಲು, ಅದರ ಮೇಲೆ ಸುಣ್ಣಗಲ್ಲು. ಅಂದರೆ ಮೊದಲು ದಡ, ಆಮೇಲೆ ಸ್ವಲ್ಪ ಆಳದ ನೀರು, ಆಮೇಲೆ ದಡದಿಂದ ಇನ್ನೂ ದೂರದ ನೀರು. ಒಂದು ಕಾಲದಲ್ಲಿ ಅಕ್ಕಪಕ್ಕ ಇದ್ದ ಜಾಗಗಳೇ ಪದರಗಳಲ್ಲಿ ಒಂದರ ಮೇಲೊಂದು ಕೂರುತ್ತವೆ ಎಂದು ಜರ್ಮನಿಯ ಭೂವಿಜ್ಞಾನಿ ಯೊಹಾನೆಸ್ ವಾಲ್ಥರ್ 1894ರಲ್ಲೇ ಹೇಳಿದ್ದರು.

ಅಮೆರಿಕದ್ದೇ ಯೂಟಾ ರಾಜ್ಯದ ಬುಕ್ ಕ್ಲಿಫ್ಸ್ ಎಂಬ ಕಡಿದಾದ ಬಂಡೆಸಾಲಿನಲ್ಲಿ ಕಥೆ ಉಲ್ಟಾ. ಸುಮಾರು 8 ಕೋಟಿ ವರ್ಷಗಳ ಹಿಂದೆ ಉತ್ತರ ಅಮೆರಿಕದ ನಡುವೆಯೇ ಸಮುದ್ರವಿತ್ತು. ಪಶ್ಚಿಮದ ಬೆಟ್ಟಗಳಿಂದ ನದಿಗಳು ಮರಳು ತಂದು ಸುರಿದು ದಡವನ್ನು ಪೂರ್ವಕ್ಕೆ ತಳ್ಳಿದವು. ಅಲ್ಲಿನ ಬಂಡೆಯನ್ನು ಬುಡದಿಂದ ಓದಿ. ಕೆಳಗೆ ಹುಳುಗಳು ಕೊರೆದ ಬೂದು ಜೇಡಿ. ಅದರ ಮಧ್ಯೆ ಬಿರುಗಾಳಿ ಎಳೆದು ತಂದ ತೆಳು ಮರಳಿನ ಎಳೆಗಳು. ಮೇಲೆ ಹೋದಂತೆ ಆ ಎಳೆಗಳು ದಪ್ಪವಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಅವುಗಳಲ್ಲಿ ಮೆಲ್ಲನೆ ಉಬ್ಬಿ ತಗ್ಗುವ ಗೆರೆಗಳಿರುತ್ತವೆ. ಇನ್ನೂ ಮೇಲೆ ಓರೆ ಗೆರೆಗಳು. ತುದಿಯಲ್ಲಿ, ಅಲೆ ಬಂದು ಜಾರಿ ಹೋದ ಜಾಗದ ನುಣುಪಾದ ಸಮ ಗೆರೆಗಳು. ಕೆಲವು ಕಡೆ ಅದರ ಮೇಲೇ ಕಲ್ಲಿದ್ದಲು, ಅಂದರೆ ದಡದ ಹಿಂದಿನ ಜೌಗು.

ಅಲ್ಲಿಂದ ಮೇಲೆ ಥಟ್ಟನೆ ಮತ್ತೆ ಜೇಡಿ ಶುರು! ನೀರು ಆಳವಾಯಿತು, ದಡ ಹಿಂದೆ ಸರಿಯಿತು, ಆಮೇಲೆ ಪುನಃ ಮುಂದೆ ಬಂತು. ಇಡೀ ಬಂಡೆಯಲ್ಲಿ ಇದೇ ಸರದಿ ಮತ್ತೆ ಮತ್ತೆ ಬರುತ್ತದೆ. ಒಂದು ಮಾತು ನೆನಪಿರಲಿ: ಸಮುದ್ರ ಏರುತ್ತಿದ್ದರೂ ನದಿಗಳು ಜಾಸ್ತಿ ಮರಳು ತಂದರೆ ದಡ ಮುಂದಕ್ಕೇ ಹೋಗುತ್ತದೆ. ಸುಮ್ನೆ ನೀರಿನ ಮಟ್ಟವೊಂದನ್ನೇ ನೋಡಿದರೆ ಸಾಲದು.

ಕೊಚ್ಚಿ ಹೋಗುವ ವಿಷಯದಲ್ಲಿ ನಿಮ್ಮ ಅನುಮಾನ ಅರ್ಧ ಸರಿ. ಏರುವ ಸಮುದ್ರದ ಅಲೆಗಳು ಹಳೆಯ ದಡದ ಮೇಲ್ಭಾಗವನ್ನು ಕೆರೆದು ಹಾಕುತ್ತವೆ. ಬುಡದ ಮರಳು ಮಾತ್ರ ಕೆಸರಿನಡಿ ಸೇರಿ ಉಳಿಯುತ್ತದೆ. ಸಮುದ್ರ ಇಳಿದಾಗಲೂ ನಷ್ಟವಿದೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ, ನೀರು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಬಯಲಾದ ಸಮುದ್ರತಳವನ್ನು ನದಿಗಳು ಕೊರೆದವು. ಅಮೆರಿಕದ ಪೂರ್ವ ಕರಾವಳಿಯ ಇವತ್ತಿನ ಚೆಸಪೀಕ್ ಕೊಲ್ಲಿ ಹಾಗೆ ಕೊರೆದು, ಆಮೇಲೆ ಮುಳುಗಿದ ಕಣಿವೆಯೇ.

ಹಾಗಾಗಿ ಇಂಥ ಬಂಡೆ ಸಿಕ್ಕಿದರೆ ಮರಳುಗಲ್ಲಿನ ತಳ ನೋಡಿ. ಜೇಡಿ ನಿಧಾನವಾಗಿ ಮರಳಾಗಿದ್ದರೆ ದಡ ಮೆಲ್ಲಗೆ ಮುಂದೆ ಬಂದಿದೆ. ಜೇಡಿಯನ್ನು ಕತ್ತರಿಸಿ ಮರಳು ಕೂತಿದ್ದರೆ, ಸಮುದ್ರ ಇಳಿದಿತ್ತಾ ಎಂದು ಮೊದಲು ಕೇಳಬೇಕು.