ಬಣ್ಣದ ಮೇಲಿನ ಹೆಸರು, ಬಣ್ಣದಡಿಯ ಉಕ್ಕು

ಈ ಸಲ ಆಯ್ದುಕೊಂಡ ಐದೂ ಪ್ರಶ್ನೆಗಳು ಹಳೆಯ ಇಟಾಲಿಯನ್ ಉಕ್ಕಿನ ಸೈಕಲ್‌ಗಳ ಕುರಿತಾಗಿವೆ. ಸುತ್ತಿ ಬಳಸಿ ಹೆಚ್ಚಿನವರು ಕೇಳಿರುವುದು ಒಂದೇ ಮಾತು: ಫ್ರೇಮಿನ ಮೇಲೆ ಬರೆದಿರುವ ಹೆಸರನ್ನು ಎಷ್ಟರಮಟ್ಟಿಗೆ ನಂಬಬೇಕು?

ಪ್ರಶ್ನೆ: ನಾನು ಜರ್ಮನಿಯಲ್ಲಿರುವ ಕನ್ನಡಿಗ. ಇಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಕೊಲ್ನಾಗೊ ಎಂದು ಬರೆದಿರುವ ಕೆಂಪು ಫ್ರೇಮ್ ಒಂದು ಕಣ್ಣಿಗೆ ಬಿತ್ತು. ‘1974ರದ್ದು, ಅಪ್ಪಟ’ ಎನ್ನುತ್ತಾರೆ ಮಾರುವವರು. ಸೀಟಿನ ಕೊಳವೆಯ ಮೇಲೆ ಕೊಲಂಬಸ್ ಎಸ್‌ಎಲ್‌ಎಕ್ಸ್ ಎಂಬ ಸ್ಟಿಕ್ಕರ್ ಇದೆ. ಇನ್ನೂ ಮುಂಗಡ ಕೊಟ್ಟಿಲ್ಲ. ಕೊಳ್ಳಬಹುದೇ?

ಉತ್ತರ: ಕೊಡದಿದ್ದದ್ದೇ ಒಳ್ಳೆಯದಾಯಿತು. 1974 ಮತ್ತು ಎಸ್‌ಎಲ್‌ಎಕ್ಸ್ ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಮಿಲಾನಿನ ಕೊಲಂಬಸ್ ಕಾರ್ಖಾನೆ ಎಸ್‌ಎಲ್‌ಎಕ್ಸ್ ಕೊಳವೆಗಳನ್ನು ಹೊರತಂದದ್ದು 1980ರ ದಶಕದಲ್ಲಿ. ಅದಕ್ಕೆ ಮೊದಲು ರೇಸ್ ಫ್ರೇಮ್‌ಗಳಿಗೆ ಬಳಕೆಯಲ್ಲಿದ್ದದ್ದು ಎಸ್‌ಎಲ್. ದಪ್ಪ ಮೈಕಟ್ಟಿನವರಿಗೆ ಮತ್ತು ದೊಡ್ಡ ಅಳತೆಗಳಿಗೆ ಎಸ್‌ಪಿ. ಹಾಗೆಂದ ಮಾತ್ರಕ್ಕೆ ಫ್ರೇಮ್ ನಕಲಿ ಎಂದು ತೀರ್ಮಾನಿಸಬೇಡಿ. ಯಾರೋ ಮಧ್ಯದಲ್ಲಿ ಬಣ್ಣ ಹೊಡೆಸಿ, ಕೈಗೆ ಸಿಕ್ಕ ಸ್ಟಿಕ್ಕರ್ ಅಂಟಿಸಿರಬಹುದು. ಸ್ಟಿಕ್ಕರ್ ಇಂದಿಗೂ ಹೊಸದಾಗಿ ದುಡ್ಡಿಗೆ ಸಿಗುತ್ತದೆ. ಉಕ್ಕನ್ನು ಮಾತ್ರ ಹಾಗೆ ಅಂಟಿಸಲು ಬರುವುದಿಲ್ಲ.

ಮೊದಲು ಸೀಟ್‌ಪೋಸ್ಟ್ (ಸೀಟನ್ನು ಹೊತ್ತ ಕಂಬ) ಎಳೆದು ಅದರ ಮೇಲೆ ಕೊರೆದಿರುವ ಅಳತೆ ನೋಡಿ. ಎಸ್‌ಎಲ್ ಕೊಳವೆಯ ಗೋಡೆ ತುದಿಯಲ್ಲಿ 0.9 ಮಿ.ಮೀ., ಉಳಿದಲ್ಲಿ 0.6 ಮಿ.ಮೀ. ದಪ್ಪ. ಸೀಟಿನ ಕೊಳವೆಯಲ್ಲಿ ಆ ದಪ್ಪ ತುದಿ ಇರುವುದು ಕೆಳಗೆ, ಪೆಡಲಿನ ಕಡೆಗೆ. ಮೇಲಿನ ಬಾಯಿ ತೆಳುವಾದ್ದರಿಂದ 27.2 ಮಿ.ಮೀ. ಪೋಸ್ಟ್ ಹಿಡಿಸುತ್ತದೆ. ಎಸ್‌ಪಿ ಆದರೆ ಗೋಡೆ ಸ್ವಲ್ಪ ದಪ್ಪ, ಪೋಸ್ಟ್ 27.0ರ ಆಸುಪಾಸು. ನಿಮ್ಮದರಲ್ಲಿ 26ರದ್ದೋ ಅದಕ್ಕಿಂತ ಸಣ್ಣದೋ ಕುಳಿತಿದ್ದರೆ ಅದು ಅಗ್ಗದ ದಪ್ಪ ಕೊಳವೆ. ಸ್ಟಿಕ್ಕರ್ ಏನೇ ಹೇಳಲಿ.

ಮಾರುವವರು ಒಪ್ಪಿದರೆ ಫೋರ್ಕನ್ನೂ ಬಿಚ್ಚಿಸಿ. ಹ್ಯಾಂಡಲ್ ಕೂರುವ ಕೊಳವೆಯ ಬುಡದಲ್ಲಿ, ಒಳಮೈಗೆ, ತಿರುಚಿಕೊಂಡು ಸಾಗುವ ಐದು ಏಣುಗಳಿದ್ದರೆ ಅದು ಕೊಲಂಬಸ್‌ನ ಗುರುತು. ಬೆರಳು ಹಾಕಿದರೇ ಗೊತ್ತಾಗುತ್ತದೆ. ಹೊರಮೈಯಲ್ಲಿ ಪಾರಿವಾಳದ ಮುದ್ರೆಯೂ ಇರಬಹುದು. ಕಾರ್ಖಾನೆಯ ಆ ಕಾಲದ ಮಾಲೀಕ ಕುಟುಂಬದ ಹೆಸರು ಕೊಲಂಬೊ, ಎಂದರೆ ಪಾರಿವಾಳ. ಎಸ್‌ಎಲ್‌ಎಕ್ಸ್ ಆದರೆ ಇಂಥವೇ ಏಣುಗಳು ಇತರ ಕೊಳವೆಗಳ ಒಳಗೂ ಇರುತ್ತವೆ. ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಭಾಗ) ಬಿಚ್ಚಿದಾಗ ಟಾರ್ಚ್ ಬಿಟ್ಟು ನೋಡಿದರೆ ಸಾಕು.

ಇನ್ನು ಕಾಲನಿರ್ಣಯ. ಎರ್ನೆಸ್ಟೊ ಕೊಲ್ನಾಗೊ ಮಿಲಾನ್ ಹತ್ತಿರದ ಕಂಬಿಯಾಗೊ ಊರಿನಲ್ಲಿ ಅಂಗಡಿ ತೆರೆದದ್ದು 1954ರಲ್ಲಿ. ಇಸ್ಪೀಟಿನ ಕಳಾವರ ಎಲೆ ಅವರ ಚಿಹ್ನೆಯಾದದ್ದು ಬಹಳ ತಡವಾಗಿ. 1970ರಲ್ಲಿ ಕೊಲ್ನಾಗೊ ಫ್ರೇಮಿನಲ್ಲಿ ಸವಾರ ಮಿಕೇಲೆ ದಾಂಚೆಲ್ಲಿ ಮಿಲಾನ್–ಸ್ಯಾನ್ ರೆಮೊ ರೇಸ್ ಗೆದ್ದು, ಅಲ್ಲಿ ಇಟಲಿಯವರ 17 ವರ್ಷಗಳ ಬರ ನೀಗಿಸಿದ ಮೇಲೆ. ಆದ್ದರಿಂದ ಲಗ್ (ಕೊಳವೆಗಳನ್ನು ಕೂಡಿಸುವ ಉಕ್ಕಿನ ತೋಳು) ಮೇಲೆ ಕಳಾವರ ಕೊರೆದಿದ್ದರೆ ಅದು 1970ರ ಈಚಿನದು ಎಂದಷ್ಟೇ ಹೇಳಬಹುದು. ಹಿಂದಿನ ಚಕ್ರ ಕೂರುವ ಜಾಗದ ಅಗಲ ಅಳೆಯಿರಿ: 120 ಮಿ.ಮೀ. ಇದ್ದರೆ ಐದು ಗೇರಿನ ಕಾಲ, 126 ಇದ್ದರೆ ಆರು ಅಥವಾ ಏಳು, 130 ಇದ್ದರೆ ಎಂಟು ಅಥವಾ ಹೆಚ್ಚು. ಆದರೆ ಉಕ್ಕನ್ನು ಅಗಲಿಸಬಹುದು, ಹಲವರು ಅಗಲಿಸಿಯೂ ಇದ್ದಾರೆ, ಹಾಗಾಗಿ ಇದೊಂದೇ ಸಾಕ್ಷಿ ಸಾಲದು. ಗೇರ್ ಮತ್ತು ಬ್ರೇಕ್ ತಂತಿಯ ಹಿಡಿಕೆಗಳು ಕ್ಲಿಪ್ಪಿನಿಂದ ಬಿಗಿದಂಥವೋ ಬೆಸೆದಂಥವೋ ನೋಡಿ. 1970ರ ದಶಕದ ಮೊದಲರ್ಧದಲ್ಲಿ ಮೇಲಿನ ಅಡ್ಡ ಕೊಳವೆಗೆ ಕ್ಲಿಪ್ ಬಿಗಿಯುವುದೇ ವಾಡಿಕೆ. ನೀರಿನ ಬಾಟಲಿಗೆ ಎರಡೆರಡು ಜೊತೆ ಬೆಸೆದ ತಿರುಪುಗಳಿದ್ದರೆ 1980ರ ದಶಕದ ಕಡೆಗೆ ಯೋಚಿಸಿ.

ಕ್ರಮಸಂಖ್ಯೆ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ. ಇಟಲಿಯ ಹಲವು ಕಾರ್ಯಾಗಾರಗಳು ಸಂಖ್ಯೆ ಹಾಕುವ ಗೋಜಿಗೇ ಹೋಗಲಿಲ್ಲ. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ 56 ಎಂದು ಕಂಡರೆ ಅದು ಬಹುತೇಕ ಫ್ರೇಮಿನ ಅಳತೆ, 1956 ಎಂಬ ಇಸವಿಯಲ್ಲ. ಅದನ್ನೇ ಇಸವಿ ಎಂದು ಹೇಳಿ ಮಾರುವ ಧೈರ್ಯಸ್ಥರೂ ಇದ್ದಾರೆ.

ಪ್ರಶ್ನೆ: ನನ್ನ ಬಳಿ ಡಿ ರೋಸಾ ಫ್ರೇಮ್ ಇದೆ. ಇದನ್ನು ಉಗೊ ಡಿ ರೋಸಾ ಅವರೇ ಕೈಯಾರೆ ಬೆಸೆದಿದ್ದಾರೆಯೇ ಎಂದು ತಿಳಿಯುವುದು ಹೇಗೆ? — ಧಾರವಾಡ

ಉತ್ತರ: ಹೋಟೆಲಿನ ಫಲಕದ ಮೇಲೆ ಯಜಮಾನರ ಹೆಸರಿದ್ದರೂ ದೋಸೆ ಹುಯ್ಯುವ ಕೈ ಬೇರೆಯದಿರುತ್ತದೆ. ರುಚಿ ಕೆಟ್ಟರೆ ಯಜಮಾನರ ಮಾನ ಹೋಗುತ್ತದೆ, ಆದ್ದರಿಂದ ಅವರು ಒಲೆಯ ಪಕ್ಕದಲ್ಲೇ ನಿಂತಿರುತ್ತಾರೆ. ಇಟಲಿಯ ಫ್ರೇಮ್ ಕಾರ್ಯಾಗಾರಗಳೂ ಹೀಗೆಯೇ ನಡೆದವು. 1953ರಲ್ಲಿ ಶುರುವಾದ ಡಿ ರೋಸಾ ಕಾರ್ಯಾಗಾರ ಮಿಲಾನಿನ ಉತ್ತರಕ್ಕೆ ಕುಸಾನೊ ಮಿಲನೀನೊದಲ್ಲಿ ನೆಲೆಯೂರಿತು. ಮುಂದೆ ಉಗೊ ಅವರ ಮೂವರು ಮಕ್ಕಳೂ ಅಲ್ಲೇ ಕೆಲಸಕ್ಕೆ ನಿಂತರು. 2023ರಲ್ಲಿ ಉಗೊ ತೀರಿಕೊಂಡರು. ನಿಮ್ಮ ಫ್ರೇಮಿನ ಒಂದು ಬೆಸುಗೆ ತಂದೆಯದು, ಇನ್ನೊಂದು ಮಗನದು, ಅರ ಹಾಕಿದವನು ಸಂಬಳದ ಕೆಲಸಗಾರ ಎಂದಿದ್ದರೂ ನಾನು ಅದನ್ನು ಡಿ ರೋಸಾ ಎಂದೇ ಕರೆಯುತ್ತೇನೆ.

ಇದಕ್ಕಿಂತ ಗೋಜಲಿನ ಕಥೆ ವೃತ್ತಿಪರ ಸವಾರರದು. ತಂಡಕ್ಕೆ ದುಡ್ಡು ಕೊಟ್ಟ ಕಂಪನಿಯ ಹೆಸರು ಫ್ರೇಮಿನ ಮೇಲೆ ಇರಲೇಬೇಕು. ಸವಾರನಿಗೋ ತನ್ನ ಮೈಯಳತೆ ಬಲ್ಲ ಕುಶಲಕರ್ಮಿಯೇ ಬೇಕು. ಆದ್ದರಿಂದ ಒಬ್ಬರ ಕೈಕೆಲಸದ ಮೇಲೆ ಇನ್ನೊಬ್ಬರ ಹೆಸರು ಬರೆಯುವುದು ಸರ್ವೇಸಾಮಾನ್ಯವಾಗಿತ್ತು. ಫಲಿಯೆರೊ ಮಾಸಿಯವರನ್ನೇ ನೋಡಿ. ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನ ಮೆಟ್ಟಿಲುಗಳ ಅಡಿಯಲ್ಲಿ ಅವರ ಕಾರ್ಯಾಗಾರ. 1942ರಲ್ಲಿ ಸವಾರ ಫೌಸ್ಟೊ ಕೊಪ್ಪಿ ಒಂದು ಗಂಟೆಯಲ್ಲಿ ಅತಿ ದೂರ ತುಳಿದ ದಾಖಲೆ ಬರೆದ ಅದೇ ಮರದ ಟ್ರ್ಯಾಕ್. ಮೇಲೆ ಸವಾರರು ಸುತ್ತು ಹಾಕುತ್ತಿದ್ದರು, ಕೆಳಗೆ ಕುಲುಮೆ ಉರಿಯುತ್ತಿತ್ತು. ಇಟಾಲಿಯನ್ನರು ಮಾಸಿಯವರನ್ನು ‘ಸಾರ್ತೊ’ ಎಂದು ಕರೆದರು, ಅಂದರೆ ದರ್ಜಿ. ಸವಾರನ ತೊಡೆ, ತೋಳು, ಬೆನ್ನಿನ ಅಳತೆ ತೆಗೆದು ಕೊಳವೆ ಕತ್ತರಿಸುತ್ತಿದ್ದವರಿಗೆ ಅದಕ್ಕಿಂತ ಸರಿಯಾದ ಹೆಸರಿಲ್ಲ. ಅವರ ಎಷ್ಟೋ ಫ್ರೇಮ್‌ಗಳು ಬೇರೆ ಬೇರೆ ಹೆಸರು ಹೊತ್ತು ರೇಸ್ ಗೆದ್ದವು.

ಬೆಲ್ಜಿಯಂನ ಸವಾರ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್ 25ರಂದು ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿ.ಮೀ. ತುಳಿದು ದಾಖಲೆ ಮಾಡಿದ್ದು ಕೊಲ್ನಾಗೊ ಕಟ್ಟಿಕೊಟ್ಟ ಸೈಕಲ್ಲಿನಲ್ಲಿ. ಅದರ ತೂಕ ಆರು ಕಿಲೋ ಕೂಡ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಮರ್ಕ್ಸ್ ಅವರ ಮೊಲ್ತೇನಿ ತಂಡಕ್ಕೆ ಫ್ರೇಮ್ ಕಟ್ಟಿದವರು ನಿಮ್ಮ ಉಗೊ ಡಿ ರೋಸಾ. 1980ರಲ್ಲಿ ಮರ್ಕ್ಸ್ ಬೆಲ್ಜಿಯಂನಲ್ಲಿ ತಮ್ಮದೇ ಕಾರ್ಖಾನೆ ತೆರೆದಾಗ ಕೆಲಸ ಕಲಿಸಿದವರೂ ಅವರೇ. ಆ ಮೊದಲ ವರ್ಷಗಳ ಮರ್ಕ್ಸ್ ಫ್ರೇಮ್‌ಗಳಲ್ಲಿ ಡಿ ರೋಸಾ ಕೈಬರಹ ಕಾಣುತ್ತದೆ ಎಂದರೆ ತಪ್ಪಾಗದು.

ಫಲಕದ ಮೇಲಿನ ಹೆಸರಿಗೆ ರೇಸಿನ ಕೀರ್ತಿ ಬೇಕಿತ್ತು ಎಂಬುದೂ ನಿಜ. ಸೈಕಲ್ ತಯಾರಕ ಚೀನೊ ಚಿನೆಲ್ಲಿ 1943ರ ಮಿಲಾನ್–ಸ್ಯಾನ್ ರೆಮೊ ವಿಜೇತರು. ಜೊವಾನ್ನಿ ಪಿನಾರೆಲ್ಲೊ ಅವರದು ತದ್ವಿರುದ್ಧ: 1951ರ ಇಟಲಿ ಪ್ರವಾಸ ರೇಸಿನಲ್ಲಿ ಕಟ್ಟಕಡೆಯವರಾಗಿ ಬಂದು ಕಪ್ಪು ಅಂಗಿ ತೊಟ್ಟರು. ಮರುವರ್ಷ ಇನ್ನೊಬ್ಬ ಸವಾರನಿಗೆ ತಂಡದಲ್ಲಿ ಜಾಗ ಬಿಟ್ಟುಕೊಡಲು ಅವರಿಗೆ ಒಂದು ಲಕ್ಷ ಲೀರಾ ಸಿಕ್ಕಿತು. ಆ ದುಡ್ಡಿನಲ್ಲೇ ಟ್ರೆವಿಜೊದಲ್ಲಿ ಕಾರ್ಯಾಗಾರ ಮೇಲೆದ್ದಿತು. ನನಗೆ ಈ ಎರಡನೆಯ ಕಥೆಯೇ ಹೆಚ್ಚು ಇಷ್ಟ.

ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. 1970ರ ದಶಕದ ಇಟಾಲಿಯನ್ ಫ್ರೇಮ್‌ನ ಬಣ್ಣ ತೆಗೆದರೆ ಅರದ ಗೀರು, ಲಗ್ ಅಂಚಿನಲ್ಲಿ ಉಕ್ಕಿ ನಿಂತ ಹಿತ್ತಾಳೆ ಎಲ್ಲ ಕಾಣಬಹುದು. ಅದೇ ಕಾಲದ ಜಪಾನಿ ಫ್ರೇಮ್‌ಗಳು ಇದಕ್ಕಿಂತ ಅಚ್ಚುಕಟ್ಟು. ನಿಮ್ಮ ಡಿ ರೋಸಾದಲ್ಲಿ ಗೀರು ಕಂಡರೆ ನಕಲಿ ಎಂದು ಗಾಬರಿಯಾಗಬೇಡಿ. ಕೋನಗಳು ಸರಿಯಾಗಿದ್ದು, ಎರಡೂ ಚಕ್ರ ಒಂದೇ ಗೆರೆಯಲ್ಲಿ ನಿಂತರೆ ಕೆಲಸ ಸರಿಯಾಗಿದೆ.

ಪ್ರಶ್ನೆ: ಮಾವ ಇಟಲಿಯಿಂದ ತಂದ ಸೈಕಲ್ಲಿನ ಬಾಟಮ್ ಬ್ರಾಕೆಟ್ ಕಿರುಗುಡುತ್ತಿತ್ತು. ಅಂಗಡಿಯವರು ಚೈನ್ ಕಡೆಯ ಕಪ್ (ಬೇರಿಂಗ್ ಹಿಡಿಯುವ ತಿರುಪಿನ ಬಟ್ಟಲು) ಬಿಚ್ಚಲು ಹೋಗಿ ಮೂರು ದಿನವಾದರೂ ಜಗ್ಗಲಿಲ್ಲ. ಉದ್ದದ ಪೈಪ್ ತೂರಿಸಿ ಇನ್ನೂ ಜೋರಾಗಿ ತಿರುಗಿಸುತ್ತೇನೆ ಎನ್ನುತ್ತಿದ್ದಾರೆ. ಬಿಡಬಹುದೇ? — ಮೈಸೂರು

ಉತ್ತರ: ದಯವಿಟ್ಟು ಈಗಲೇ ಫೋನ್ ಮಾಡಿ ನಿಲ್ಲಿಸಿ! ಅವರು ಬಿಚ್ಚುತ್ತಿಲ್ಲ, ಬಿಗಿ ಮಾಡುತ್ತಿದ್ದಾರೆ.

ತಪ್ಪು ಅವರದ್ದು ಎನ್ನಲಾರೆ. ನಮ್ಮಲ್ಲಿ ಬಳಕೆಯಲ್ಲಿರುವುದು ಇಂಗ್ಲಿಷ್ ಥ್ರೆಡ್. ಅದರಲ್ಲಿ ಚೈನ್ ಕಡೆಯ ಕಪ್ ಎಡತಿರುಪಿನದು, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇಟಾಲಿಯನ್ ಪದ್ಧತಿಯಲ್ಲಿ ಎರಡೂ ಕಡೆ ಬಲತಿರುಪು. ಚೈನ್ ಕಡೆಯದನ್ನೂ ಮುಳ್ಳಿನ ವಿರುದ್ಧ ದಿಕ್ಕಿಗೇ ತಿರುಗಿಸಬೇಕು. ಖಚಿತಪಡಿಸಿಕೊಳ್ಳಲು ವರ್ನಿಯರ್ ಹಿಡಿದು ಫ್ರೇಮಿನಲ್ಲಿ ಕಪ್ ಕೂರುವ ಚಿಕ್ಕ ಅಡ್ಡ ಕೊಳವೆಯ ಅಗಲ ಅಳೆಯಲಿ: ಇಂಗ್ಲಿಷ್ ಆದರೆ 68 ಮಿ.ಮೀ., ಇಟಾಲಿಯನ್ ಆದರೆ 70. ಕಪ್ ಮೇಲೆ 36×24 ಎಂದು ಕೊರೆದಿದ್ದರೆ ಅನುಮಾನವೇ ಬೇಡ, 36 ಮಿ.ಮೀ. ವ್ಯಾಸ, ಇಂಚಿಗೆ 24 ಎಳೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಜಾರದಂತೆ ಕೂರುವ ಸ್ಪ್ಯಾನರಿನಿಂದ ಬಿಚ್ಚಲಿ.

ಈ ಪದ್ಧತಿಗೆ ಒಂದು ಹುಟ್ಟುಗುಣವಿದೆ. ಬಲತಿರುಪಾದ್ದರಿಂದ ತುಳಿಯುತ್ತ ತುಳಿಯುತ್ತ ಚೈನ್ ಕಡೆಯ ಕಪ್ ತಾನಾಗಿ ಸಡಿಲವಾಗುತ್ತದೆ. ಹೊಸದನ್ನು ಹಾಕುವಾಗ ಅದನ್ನು ಚೆನ್ನಾಗಿ ಬಿಗಿಯಲು ಹೇಳಿ. ಇಂಗ್ಲಿಷ್ ಕಪ್ಪನ್ನು ‘ಹೇಗೋ ಕೂರಿಸುತ್ತೇನೆ’ ಎಂದರೆ ಒಪ್ಪಬೇಡಿ. ಅದು ಒಂದು ಮಿಲಿಮೀಟರಿಗೂ ಹೆಚ್ಚು ಸಣ್ಣದು, ಕೂರುವುದೇ ಇಲ್ಲ.

ಪ್ರಶ್ನೆ: ಬಣ್ಣ ಅಲ್ಲಲ್ಲಿ ಎದ್ದಿದೆ, ಹೆಸರು ಅರ್ಧ ಅಳಿಸಿದೆ. ಪೌಡರ್ ಕೋಟಿಂಗ್ ಮಾಡಿಸಿ ಹೊಸ ಸ್ಟಿಕ್ಕರ್ ಹಾಕಿಸಲೇ? — ಮಂಗಳೂರು

ಉತ್ತರ: ಬೇಡ. ಅರ್ಧ ಅಳಿಸಿದ ಮೂಲ ಹೆಸರಿಗೆ ಇರುವ ಬೆಲೆ ಪೂರ್ತಿ ಹೊಳೆಯುವ ಹೊಸ ಹೆಸರಿಗಿಲ್ಲ. ದಪ್ಪ ಪೌಡರ್ ಪದರ ಕೂತರೆ ಅರ ಹಾಕಿ ತೆಳುವಾಗಿಸಿದ ಲಗ್ ಅಂಚುಗಳು, ಕೊರೆದ ಅಕ್ಷರಗಳು ಎಲ್ಲ ಮುಚ್ಚಿಹೋಗುತ್ತವೆ. ಎದ್ದ ಜಾಗದ ತುಕ್ಕನ್ನಷ್ಟೇ ಉಜ್ಜಿ ತೆಗೆದು ಬಣ್ಣ ಮುಟ್ಟಿಸಿ.

ನಿಮ್ಮ ಊರಿನಲ್ಲಿ ನಿಜವಾದ ಅಪಾಯ ಒಳಗಿನ ತುಕ್ಕು. ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪದ ಗೋಡೆಗೆ ಕಡಲ ಗಾಳಿ, ಮಳೆಗಾಲ, ಅಡ್ಡ ಕೊಳವೆಯ ಮೇಲೆ ತೊಟ್ಟಿಕ್ಕುವ ಬೆವರು ಮೂರೂ ಸೇರಿದರೆ ಹೇಳುವುದೇ ಬೇಡ. ಸೀಟ್‌ಪೋಸ್ಟ್ ಮತ್ತು ಬಾಟಮ್ ಬ್ರಾಕೆಟ್ ಬಿಚ್ಚಿಸಿ, ಕೊಳವೆಗಳೊಳಗೆ ಕಾಯಿಸಿದ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ಎಲ್ಲ ದಿಕ್ಕಿಗೂ ಮಗುಚಿ, ಹೆಚ್ಚಿನದನ್ನು ಬಸಿದು ಒಣಗಲು ಬಿಡಿ. ಪೇಂಟ್ ಅಂಗಡಿಯಲ್ಲಿ ಕಾಯಿಸಿದ್ದೇ ಸಿಗುತ್ತದೆ, ಅದನ್ನೇ ಕೊಳ್ಳಿ, ಅಡುಗೆಯದು ಬೇಗ ಒಣಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ ಹರವಿ ಒಣಗಿಸಿ.

ಪ್ರಶ್ನೆ: ಹಳೆಯ ಸೈಕಲ್‌ಗಳ ಲೆರೋಯಿಕಾ ಸವಾರಿಗೆ ಇಟಲಿಯ ಟಸ್ಕನಿಗೆ ಹೋಗಬೇಕೆಂದಿದ್ದೇನೆ. 1985ರ ಫ್ರೇಮ್ ಇದೆ, ಅದಕ್ಕೆ ಹೊಸ ಕಾಲದ ಬ್ರೇಕ್–ಗೇರ್ ಲಿವರ್ ಮತ್ತು ಕಚ್ಚಿಕೊಳ್ಳುವ ಪೆಡಲ್ ಹಾಕಿಸಿದ್ದೇನೆ. ಸಾಕಲ್ಲವೇ? — ಬೆಂಗಳೂರು

ಉತ್ತರ: ಸಾಲದು. 1997ರಲ್ಲಿ ಗಾಯೋಲೆ ಇನ್ ಕಿಯಾಂತಿಯಲ್ಲಿ ಶುರುವಾದ ಈ ಸವಾರಿಗೆ 1987ಕ್ಕೆ ಮೊದಲಿನ ರೇಸ್ ಸೈಕಲ್ ಬೇಕು ಎಂಬಷ್ಟೇ ನಿಯಮವಲ್ಲ. ಗೇರ್ ಲಿವರ್ ಕೆಳಗಿನ ಓರೆ ಕೊಳವೆಯ ಮೇಲಿರಬೇಕು, ಪೆಡಲಿಗೆ ಪಂಜರ ಮತ್ತು ಪಟ್ಟಿ ಇರಬೇಕು, ಬ್ರೇಕ್ ತಂತಿಗಳು ಹ್ಯಾಂಡಲಿನಿಂದ ಹೊರಗೆ ಬಿಲ್ಲಿನಂತೆ ಬಾಗಿ ಕಾಣಬೇಕು. ಹೊರಡುವ ಮುನ್ನ ಆ ವರ್ಷದ ನಿಯಮ ಓದಿಕೊಳ್ಳಿ. ಪಟ್ಟಿಯಿಂದ ಕಾಲು ಬಿಡಿಸಿಕೊಳ್ಳುವುದನ್ನು ಇಲ್ಲೇ ರೂಢಿ ಮಾಡಿಕೊಳ್ಳಿ. ಅಲ್ಲಿಯ ಬಿಳಿ ಜಲ್ಲಿ ರಸ್ತೆಯ ಏರಿನಲ್ಲಿ ಮೊದಲ ಬಾರಿ ಕಲಿತರೆ ಮೊಣಕೈ ತರಚುತ್ತದೆ.