ನೀವೊಬ್ಬರೇ ಕಲಿತರೆ ಸಾಲದು

ಪ್ರಶ್ನೆ: ನಾನು ಗದಗ ತಾಲ್ಲೂಕಿನ ಹಳ್ಳಿಯವಳು. ಐದು ವರ್ಷದ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಷೀನು ಹಾಕಿಸಿದ್ದೇವೆ, ಆದರೂ ಮಾತು ನಾಲ್ಕೈದು ಶಬ್ದ ದಾಟಿಲ್ಲ. ಸನ್ನೆ ಭಾಷೆ ಕಲಿಯೋಣ ಅಂದರೆ ಯಜಮಾನರು "ಕೈ ಮಾಡೂದು ಕಲಿಸಿದ್ರ ಬಾಯಿ ಬರಂಗಿಲ್ಲ" ಅಂತಾರೆ. ಅವರು ಲಾರಿ ಡ್ರೈವರ್, ಮನೆಯಲ್ಲಿರುವುದೇ ಕಡಿಮೆ. ಅತ್ತೆಗೆ ಜನ ನೋಡ್ತಾರೆ ಅಂತ ಸಂಕೋಚ. ಮಾವ ತೀರಿಕೊಂಡ ಮೇಲೂ ಮಗಳು ಸಂಜೆಯಾದರೆ ಅವರ ಚಪ್ಪಲಿ ತಂದು ಬಾಗಿಲಲ್ಲಿ ಇಡುತ್ತಾಳೆ. ಅವಳಿಗೆ ಹೇಗೆ ಹೇಳಲಿ?

ತಂಗಿ, ಕಲಿಯಿರಿ. ಎಲ್ಲರೂ ಒಪ್ಪಲಿ ಅಂತ ಕಾಯಬೇಡಿ. ಮಕ್ಕಳು ಭಾಷೆಯನ್ನು ಸಲೀಸಾಗಿ ಹಿಡಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಕಣ್ಣಿನಿಂದ ಬಂದ ಭಾಷೆಯೂ ಪೂರ್ತಿ ಭಾಷೆಯೇ. ಯಾವ ಭಾಷೆಯೂ ಸರಿಯಾಗಿ ಸಿಗದ ಮಗುವಿಗೆ ಮಾತ್ರ ಮುಂದೆ ಓದು, ಗೆಳೆತನ ಎಲ್ಲವೂ ಕಷ್ಟ.

ನಿಮ್ಮ ಯಜಮಾನರ ಹೆದರಿಕೆ ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸಮ್ಮೇಳನ ಸೇರಿದ್ದ ಶಿಕ್ಷಕರು, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು, ಸನ್ನೆ ಬೇಡ ಅಂತ ತೀರ್ಮಾನಿಸಿದ್ದರು. ಅದೇ ಸಮ್ಮೇಳನ 2010ರಲ್ಲಿ ಕೆನಡಾದ ವ್ಯಾಂಕೋವರ್‌ನಲ್ಲಿ ಸೇರಿದಾಗ ಆ ತೀರ್ಮಾನವನ್ನು ತಳ್ಳಿಹಾಕಿ ವಿಷಾದ ಹೇಳಿತು. ನಡುವೆ ಎಷ್ಟು ಮಕ್ಕಳ ಕೈ ಕಟ್ಟಿಹಾಕಿದರೋ! ಸನ್ನೆಯಿಂದ ಮಾತು ಕೆಡುವುದಿಲ್ಲ. ಮಷೀನೂ ಇರಲಿ, ಸ್ಪೀಚ್ ಥೆರಪಿಯೂ ನಡೆಯಲಿ, ಜೊತೆಗೆ ಸನ್ನೆಯೂ ಬರಲಿ.

ನನಗಿರುವ ಚಿಂತೆ ಬೇರೆ. ನೀವೊಬ್ಬರೇ ಕಲಿತರೆ ಮಗಳಿಗೆ ಮನೆಯಲ್ಲಿ ಒಬ್ಬರೇ ಮನುಷ್ಯರು ಸಿಕ್ಕಂತಾಗುತ್ತದೆ. ಅಜ್ಜಿ ಹೇಳಿದ್ದು, ಅಪ್ಪ ಬೈದದ್ದು, ಎಲ್ಲವೂ ನಿಮ್ಮ ಮೂಲಕವೇ ಹೋಗಬೇಕು. ಊಟಕ್ಕೆ ಕೂತಾಗ ಎಲ್ಲರೂ ನಗುತ್ತಾರೆ, ಅವಳು ಯಾಕೆ ಅಂತ ಮುಖ ನೋಡುತ್ತಾಳೆ, "ಆಮ್ಯಾಲೆ ಹೇಳ್ತೀನಿ" ಅಂತ ನೀವು ಕೈ ಆಡಿಸುತ್ತೀರಿ. ಆ ಆಮೇಲೆ ಬರುವುದೇ ಇಲ್ಲ, ಅಲ್ವಾ?

ಅತ್ತೆಯಿಂದಲೇ ಶುರು ಮಾಡಿ. ವಾದಕ್ಕೆ ಹೋಗಬೇಡಿ. ಮೊಮ್ಮಗಳನ್ನು ಊಟಕ್ಕೆ ಕರೆಯುವಾಗ ಅವರೂ ರೊಟ್ಟಿ ಬಡಿಯುವಂತೆ ಕೈ ಮಾಡಿರಲೇಬೇಕು. ಅದೂ ಸನ್ನೆಯೇ ತಾನೇ? ಆದರೆ ಮನೆಸನ್ನೆಯಲ್ಲಿ ರೊಟ್ಟಿ, ನೀರು ಹೇಳಬಹುದು. ನಾಳೆ, ಯಾಕೆ, ಇನ್ನು ಬರುವುದಿಲ್ಲ ಅಂತ ಹೇಳಲು ಪೂರ್ತಿ ಭಾಷೆಯೇ ಬೇಕು. ಅಜ್ಜನ ವಿಷಯ ಅವಳಿಗೆ ಯಾರೂ ಹೇಳಿಲ್ಲ, ಅದಕ್ಕೇ ಚಪ್ಪಲಿ ತಂದಿಡುತ್ತಾಳೆ. ಸಾವಿನ ಸನ್ನೆ ಕಲಿತು, ಅಜ್ಜನ ಫೋಟೋ ತೋರಿಸಿ, ನೀವೂ ಅತ್ತೆಯೂ ಕೂತು ಹೇಳಿ. ಒಂದೇ ಸಲಕ್ಕೆ ತಿಳಿಯದಿರಬಹುದು, ಮತ್ತೆ ಮತ್ತೆ ಹೇಳಿ. ಅವಳು ಅತ್ತರೆ ಅಳಲಿ.

ಯಜಮಾನರಿಗೆ ವಿಡಿಯೋ ಕಾಲ್ ಮಾಡಿಸಿ. ಬರೀ ದನಿಯ ಫೋನಿನಲ್ಲಿ ಮಗಳಿಗೆ ಅಪ್ಪ ಸಿಗುವುದೇ ಇಲ್ಲ. ಲಾರಿ ನಿಲ್ಲಿಸಿದಾಗ "ಊಟ ಆಯ್ತಾ, ಏನು ತರಲಿ" ಅಂತ ಅವರು ಕೈಯಲ್ಲಿ ಕೇಳಿ, ಅವಳು ಉತ್ತರ ಕೊಡಲಿ. ಹತ್ತು ಸನ್ನೆ ಬಂದರೆ ಅಷ್ಟಾಗುತ್ತದೆ.

ಕಲಿಯುವುದಕ್ಕೆ ದುಡ್ಡು ಬೇಕಿಲ್ಲ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ ಸನ್ನೆ ಭಾಷೆಯ 10,000 ಪದಗಳ ನಿಘಂಟು ತಂದಿದೆ. ಅದರ ವಿಡಿಯೋಗಳು ಯೂಟ್ಯೂಬ್‌ನಲ್ಲಿವೆ. ನಮಗೆ ಇನ್ನೊಂದು ಅನುಕೂಲವೂ ಇದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ "ನಿನ್ನ ಹೆಸರು ಏನು" ಅನ್ನುವಾಗ "ಏನು" ಕೊನೆಗೆ ಬರುತ್ತದೆ, ನಮ್ಮ ಕನ್ನಡದ ಹಾಗೇ. ಮುಖವನ್ನು ಸುಮ್ನೆ ಇಟ್ಟುಕೊಳ್ಳಬೇಡಿ, ಹುಬ್ಬೂ ಮಾತಾಡಬೇಕು. ಹಿಂದಿನಿಂದ ಕರೆಯದೆ ಹೆಗಲು ಮುಟ್ಟಿ. ಕರೆಂಟು ಹೋದಾಗ ಬ್ಯಾಟರಿ ಬೆಳಕು ನಿಮ್ಮ ಕೈ ಮೇಲಿರಲಿ.

ಆದರೆ ವಿಡಿಯೋ ಮಾತ್ರ ನೋಡಿ ಭಾಷೆ ಬರುವುದಿಲ್ಲ. ಸನ್ನೆಯಲ್ಲೇ ಬದುಕುವ ಕಿವುಡರೇ ಒಳ್ಳೆಯ ಮೇಷ್ಟ್ರು. ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಹೋಗಿ ಕಾಣಿ. ಮಗಳ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಆಗಿರದಿದ್ದರೆ ಅದನ್ನೂ ಕೇಳಿ. ಸುತ್ತಮುತ್ತ ಸನ್ನೆ ಭಾಷೆ ಬಲ್ಲ ಕಿವುಡ ಹೆಣ್ಣುಮಕ್ಕಳು ಯಾರಿದ್ದಾರೆ ಅಂತ ವಿಚಾರಿಸಿ, ಒಬ್ಬರನ್ನು ಮನೆಗೆ ಕರೆಯಿರಿ. ದೊಡ್ಡವರೊಬ್ಬರು ತನ್ನ ಹಾಗೇ ಇದ್ದು, ಕೈಯಲ್ಲಿ ಪಟಪಟ ಮಾತಾಡುವುದನ್ನು ನಿಮ್ಮ ಮಗಳು ನೋಡಬೇಕು. ಆ ದಿನ ಯಜಮಾನರಿಗೂ ರಜೆ ಹಾಕಲು ಹೇಳಿ.